ಹೊತ್ತು ಮುಳುಗಿದ ಮೇಲಿನ ನೀರು

ತೊಂಬತ್ತರ ದಶಕದಲ್ಲಿ ಹಾರೂಗೇರಿಯ ನನ್ನ ಸೋದರಮಾವನ ಎರಡೂ ಕಿಡ್ನಿ ಕೆಟ್ಟವು. ಒಂದನ್ನು ತಾನು ಕೊಡುತ್ತೇನೆಂದು ಅವನ ಅಕ್ಕ, ಅಂದರೆ ನಮ್ಮವ್ವ, ಯಾರನ್ನೂ ಕೇಳದೆ ಹೇಳಿಬಿಟ್ಟಳು. ನಾನಾಗ ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದೆ. ರಜೆ ಹಾಕಿ ಅವಳ ಜೊತೆ ಪುಣೆಗೆ ಹೋದೆ.

ರಕ್ತ ಹೊಂದಿತು. ಆದರೆ ಸ್ಕ್ಯಾನ್ ಮಾಡಿದಾಗ ಅವಳ ಎಡ ಕಿಡ್ನಿಯಲ್ಲಿ ಕಡಲೆಬೇಳೆಯಷ್ಟು ಕಲ್ಲು ಕಂಡಿತು. ಅವಳಿಗೆ ಎಂದೂ ನೋವೇ ಬಂದಿರಲಿಲ್ಲ. ಒಂದನ್ನು ಕೊಟ್ಟ ಮೇಲೆ ಉಳಿದದ್ದರಲ್ಲೂ ಕಲ್ಲಾಗಿ ದಾರಿ ಕಟ್ಟಿದರೆ ಅವಳ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಮೊದಲು ಮಷೀನಿನಿಂದ ಕಲ್ಲು ಪುಡಿ ಮಾಡಬೇಕು, ಮತ್ತೆ ಕಲ್ಲಾಗುವ ಮೈಯೋ ಎಂದು ಮೂತ್ರ ಪರೀಕ್ಷಿಸಬೇಕು, ಕೆಲವು ತಿಂಗಳು ಕಾಯಬೇಕು. ಎಲ್ಲ ಸರಿಯಿದ್ದರೆ ಕಲ್ಲಿದ್ದ ಕಿಡ್ನಿಯನ್ನೇ ತೆಗೆದು, ಚೊಕ್ಕ ಇದ್ದದ್ದನ್ನು ಅವಳಿಗೆ ಬಿಡುತ್ತೇವೆ ಎಂದರು. ಅಲ್ಲಿಯವರೆಗೆ ಮಾವನಿಗೆ ಡಯಾಲಿಸಿಸ್.

ಕಲ್ಲು ಪುಡಿಯಾಯಿತು. ತೊಡಕಾದದ್ದು ನೀರಿನದು. ಅಥಣಿ ಕಡೆಯ ನಮ್ಮ ದ್ರಾಕ್ಷಿ ತೋಟದಲ್ಲಿ ದಿನವಿಡೀ ದುಡಿಯುವ ಅವ್ವ ಕುಡಿಯುತ್ತಿದ್ದುದೇ ಕಡಿಮೆ. ಮೇಲಾಗಿ ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವಳು ಒಂದು ಗುಟುಕೂ ಮುಟ್ಟಿದವಳಲ್ಲ. ಡಾಕ್ಟರು ಮಾತ್ರ, ಮತ್ತೆ ಕಲ್ಲಾಗಬಾರದೆಂದರೆ ರಾತ್ರಿಯೂ ನೀರು ಕುಡಿಯಲೇಬೇಕೆಂದಿದ್ದರು.

ಊರಿಗೆ ಬಂದ ದಿನ ಹೊತ್ತು ಮುಳುಗಿದ ಮೇಲೆ ಅವ್ವ ತುಂಬಿದ ತಂಬಿಗೆ ಮುಂದಿಟ್ಟುಕೊಂಡು ಕುಡಿಯದೆ ಕೂತಿದ್ದಳು. ನಮ್ಮ ಮನೆಯಲ್ಲಿ ನೇಮಕ್ಕೆ ಎಲ್ಲರಿಗಿಂತ ಕಟ್ಟುನಿಟ್ಟು ಎಂದರೆ ಅಪ್ಪನ ತಾಯಿ, ನಮ್ಮ ಆಯಿ. ಅವಳು ಬೈಯುತ್ತಾಳೆಂದೇ ತಿಳಿದಿದ್ದೆ. ಆಯಿ ಎದುರು ಕೂತು ತಾನೇ ಲೋಟಕ್ಕೆ ನೀರು ಬಗ್ಗಿಸಿದಳು.

“ಕುಡಿ ಬೇ. ಔಷಧ ಅಂತ ತಿಳಿ.”

“ನೇಮ ಮುರೀತೈತ್ರಿ ಅತ್ತಿ,” ಎಂದಳು ಅವ್ವ.

“ಜೀವಾ ಉಳಸೂದಕಿಂತ ದೊಡ್ಡ ನೇಮ ನನಗ ಗೊತ್ತಿಲ್ಲ. ತಪ್ಪಿದ್ರ ನನ್ನ ಮ್ಯಾಲ ಇರ್ಲಿ.”

ಅವ್ವ ಕುಡಿದಳು. ಆಮೇಲೆ ದಿನಾ ರಾತ್ರಿ ಆಯಿಯೇ ಕುಡಿಸಿದಳು.

ತಿಂಗಳುಗಳ ನಂತರ ಎರಡೂ ಕಿಡ್ನಿ ಚೊಕ್ಕವಾಗಿದ್ದವು, ಮೂತ್ರದ ಪರೀಕ್ಷೆಯೂ ಸರಿ ಬಂತು. ಆಪರೇಶನ್ ಆಯಿತು. ಅಕ್ಕನ ಕಿಡ್ನಿ ತಮ್ಮನ ಮೈಯಲ್ಲಿ ಕೆಲಸ ಸುರು ಮಾಡಿದೆ ಎಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ಅಪ್ಪ ಗೋಡೆಯ ಕಡೆ ತಿರುಗಿ ನಿಂತ. ಮಾವ ಮುಂದೆ ವರ್ಷಗಟ್ಟಲೆ ಹಾರೂಗೇರಿಯ ಸಂತೆಗೆ ನಡೆದೇ ಹೋಗುತ್ತಿದ್ದ.

ಅವ್ವನನ್ನು ಕರೆದುಕೊಂಡು ಬರುವಾಗ ಮಿರಜದಲ್ಲಿ ರೈಲಿಳಿದು ಅಥಣಿ ಬಸ್ಸು ಹಿಡಿದೆವು. ಕಾಗವಾಡ ದಾಟಿದ ಮೇಲೆ ಬಸ್ಸು ಕುಲುಕತೊಡಗಿತು. ನಾಕು ಜನರೆದುರು ಹೆಂಡತಿಯ ಮಾತೆತ್ತದ ಅಪ್ಪ ಎದ್ದುಹೋಗಿ, ಎಲ್ಲರಿಗೂ ಕೇಳುವಂತೆ ಡ್ರೈವರನಿಗೆ ಹೇಳಿದ:

“ಸಾವಕಾಶ ಹೊಡೀರಿ. ನನ್ನ ಹೇಂತಿ ತಮ್ಮಗ ಕಿಡ್ನಿ ಕೊಟ್ಟು ಬಂದಾಳ.”

ಅವ್ವ ನಾಚಿ ಸೆರಗು ಎಳೆದುಕೊಂಡಳು. ನಾನು ಮಾತ್ರ ಬಸ್ಸಿನವರ ಮುಖಗಳನ್ನೆಲ್ಲ ನೋಡುತ್ತ, ಅವಳ ಪಕ್ಕದಲ್ಲಿ ನೆಟ್ಟಗೆ ಕೂತಿದ್ದೆ.