ಚೀಟಿಯ ತೀರ್ಪನ್ನು ತಿದ್ದಿದವಳು

ಒಂಟಾರಿಯೋದ ಆ ಪಟ್ಟಣದಲ್ಲಿ ವರ್ನಾ ಬ್ರೂಬಾಕರ್ ಎಂದರೆ ಮಕ್ಕಳಿಗೆ ಓದು ಹತ್ತಿಸುವವಳೆಂದೇ ಹೆಸರು. ಮೂರನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಲಾರದ ಮಕ್ಕಳನ್ನು ಆಕೆಯ ಬಳಿಗೆ ಕಳುಹಿಸುವುದು ಶಾಲೆಯ ರೂಢಿ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಓದಿದ ಸಾಲನ್ನು ಇನ್ನೊಬ್ಬರು ಸ್ವಂತ ಮಾತಿನಲ್ಲಿ ಹೇಳುವಂತೆ ಮಾಡುವುದು ಆಕೆಯದೇ ಆದ ಕ್ರಮ. ಅದರ ಫಲವನ್ನು ಕಣ್ಣಾರೆ ಕಂಡವಳಿಗೆ, ಪ್ರಮಾಣಸಹಿತವಾಗಿ ಲೋಕಕ್ಕೂ ತೋರಿಸಬೇಕೆಂಬ ಹಂಬಲ ನಡುವಯಸ್ಸಿನಲ್ಲಿ ಹುಟ್ಟಿತು. ಶಾಲೆಯಿಂದ ರಜೆ ಪಡೆದು ವಿಶ್ವವಿದ್ಯಾಲಯವನ್ನು ಸೇರಿದಳು. ಜೂನ್ ತಿಂಗಳಿಗೆ ರಜೆ ಮುಗಿಯುವುದು; ಇನ್ನೊಮ್ಮೆ ದೊರೆಯದು. ಅಷ್ಟರೊಳಗೆ ಪ್ರಬಂಧ ಒಪ್ಪಿತವಾಗದಿದ್ದರೆ ಪದವಿಯೂ ಇಲ್ಲ, ಆ ಕ್ರಮ ಬೇರೆ ಶಾಲೆಗಳಿಗೆ ಹಬ್ಬುವ ಮಾತೂ ಇಲ್ಲ.

ಪ್ರಯೋಗವಂತೂ ಮುಗಿದಿತ್ತು. ತನ್ನ ಶಾಲೆಯಲ್ಲೇ ಓದಿನಲ್ಲಿ ಹಿಂದುಳಿದ ಮೂರನೆಯ ತರಗತಿಯ ಮಕ್ಕಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಉಣ್ಣೆಯ ಟೊಪ್ಪಿಗೆಯಲ್ಲಿ ಕಲಕಿ ಎತ್ತಿ, ಅರ್ಧದಷ್ಟು ಮಕ್ಕಳನ್ನು ಜೋಡಿ ಓದಿಗೂ ಉಳಿದವರನ್ನು ಎಂದಿನ ಪಾಠಕ್ಕೂ ಸೇರಿಸಿದ್ದಳು. ಹಿಮ ಕರಗುವ ವೇಳೆಗೆ ಜೋಡಿ ಓದಿನ ಮಕ್ಕಳು ಬಹಳ ಮುಂದೆ ಸಾಗಿದ್ದರು.

ವಿಶ್ವವಿದ್ಯಾಲಯದಲ್ಲಿ ಆಕೆಯ ಮಾರ್ಗದರ್ಶಕಿ ಐಲೀನ್ ಮ್ಯಾಕ್‌ಫೇಲ್ ನಡೆಸುತ್ತಿದ್ದ ತರಗತಿಯಲ್ಲಿ ಪರರ ಸಂಶೋಧನೆಗಳನ್ನು ಓದುವುದೇ ಪಾಠ. ಆಕೆ ಯಾರಿಗೂ ಫಲಿತಾಂಶವನ್ನು ಮೊದಲು ಓದಗೊಡುತ್ತಿರಲಿಲ್ಲ. "ಯಾರನ್ನ ಆರಿಸಿದ್ರು, ಆರಿಸಿದ್ದು ಯಾರು, ಅದನ್ನ ಹೇಳಿ. ಆಮೇಲೆ ಬೇಕಾದ್ರೆ ಕುಣಿದಾಡಿ" ಎನ್ನುವಳು.

ಪ್ರಬಂಧ ಬರೆಯುತ್ತಿದ್ದ ದಿನಗಳಲ್ಲಿ ಒಮ್ಮೆ ಅಲ್ಲಿ ಓದಿದ್ದು ಗಣಿತಬೋಧನೆಯ ಒಂದು ಲೇಖನ. ಚೀಟಿಯಿಂದ ಗುಂಪು ಮಾಡಿದ ಮೇಲೆ ಕೆಲವು ಮಕ್ಕಳನ್ನು 'ಅವರ ಹಿತದೃಷ್ಟಿಯಿಂದ' ಅತ್ತಿತ್ತ ಬದಲಿಸಲಾಯಿತೆಂದು ಮೂಲೆಯಲ್ಲೊಂದು ಸಾಲಿತ್ತು.

"ನೋಡ್ರಪ್ಪಾ, ಟೀಚರಮ್ಮಂಗೆ ಕರುಣೆ ಉಕ್ಕಿಬಿಟ್ಟಿದೆ!" ಎಂದು ಸಹಪಾಠಿ ಡ್ವೇನ್ ನಕ್ಕನು. "ವರ್ನಾ, ನಿನ್ನ ಪೈಕಿಯೋರೇ ಕಣೇ ಇವರು."

ವರ್ನಾಳೂ ನಕ್ಕಳು. "ಅಳೋ ಮಗು ಕಂಡ್ರೆ ಎತ್ಕೊಳ್ದೆ ಇರೋಕಾಗುತ್ತೇನೋ?"

"ಎತ್ಕೋ, ಬೇಡ ಅಂದೋರ್ಯಾರು?" ಎಂದಳು ಐಲೀನ್. "ಆದ್ರೆ ನನ್ನ ಔಷಧಿಯಿಂದಲೇ ಸುಮ್ಮನಾಯ್ತು ಅಂತ ಬರೀಬೇಡ. ಟೀಚರ್ ಎತ್ಕೊಂಡಿದ್ದು ಯಾವ ಮಗೂನ? ಯಾವುದರ ಅಮ್ಮ ಬಂದು ಗೋಗರೆದ್ಲೋ ಅದನ್ನ. ಬಂದು ಕೇಳೋ ಅಮ್ಮ ಇರೋ ಮಗು ಹೇಗೂ ಕಲಿಯುತ್ತೆ."

ವರ್ನಾಳ ನಗೆ ತುಟಿಯ ಮೇಲೆಯೇ ಬತ್ತಿತು. ಚೀಟಿ ಎತ್ತಿದ ಮರುದಿನ ಶಾಲೆಯ ಗೇಟಿನ ಬಳಿ ಕೆಲವು ತಾಯಂದಿರು ಆಕೆಯ ಕೈ ಹಿಡಿದಿದ್ದರು. ಆಕೆ ಅವರ ಮಕ್ಕಳನ್ನು ಜೋಡಿ ಓದಿಗೆ ತಂದು, ಬೇರೆ ಕೆಲವರನ್ನು ಎಂದಿನ ಪಾಠಕ್ಕೆ ಸರಿಸಿದ್ದಳು. ಅದು ಉಪಾಧ್ಯಾಯಿನಿಯ ನಿತ್ಯದ ಕೆಲಸವೆಂದು ತಿಳಿದು ಮರೆತೂ ಬಿಟ್ಟಿದ್ದಳು.

ಮೆನ್ನೊನೈಟ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಆಕೆಯ ಹಿರಿಯರು ತಮ್ಮ ಸಭೆಗೆ ಬೋಧಕನನ್ನು ಚೀಟಿಯಿಂದಲೇ ಆರಿಸುತ್ತಿದ್ದರು. ಸಾಲಾಗಿಟ್ಟ ಕೀರ್ತನೆಯ ಪುಸ್ತಕಗಳಲ್ಲಿ ಒಂದರೊಳಗೆ ಚೀಟಿ; ಅದು ಯಾರ ಕೈಗೆ ಬಂದಿತೋ ಅವನು ಅಳುತ್ತಲಾದರೂ ಆ ಭಾರವನ್ನು ಹೊರಬೇಕು. ಮನುಷ್ಯನ ಮಮತೆಗೆ ಅಲ್ಲಿ ಎಡೆಯಿಲ್ಲ. ಆದುದರಿಂದಲೇ ಅದು ಭಗವಂತನ ತೀರ್ಪು. ಅಜ್ಜನಿಗೆ ಹಾಗೆ ಬಂದ ಚೀಟಿಯ ಕಥೆಯನ್ನು ಕೇಳುತ್ತ ಬೆಳೆದವಳು ತಾನೇ ಆ ತೀರ್ಪನ್ನು ತಿದ್ದಿದ್ದಳು!

ಮನೆಯಲ್ಲಿ ಆಕೆ ತಟ್ಟೆಯ ಮುಂದೆ ಉಣ್ಣದೆ ಕುಳಿತಿದ್ದುದನ್ನು ಕಂಡು ಗಂಡ ಓರ್ವಿಲ್ ವಿಚಾರಿಸಿದನು; ಎಲ್ಲವನ್ನೂ ಕೇಳಿ, "ಯಾರಿಗೆ ಗೊತ್ತಾಗುತ್ತೆ ಬಿಡೇ. ಮಕ್ಕಳು ಓದು ಕಲಿತವಲ್ಲ, ಸಾಕು" ಎಂದನು.

"ಆ ಮಕ್ಕಳು ನಾನಿಲ್ದಿದ್ರೂ ಕಲೀತಿದ್ವೇನೋ. ಇಷ್ಟು ವರ್ಷ ನಾನು ಮಾಡಿದ್ದಾದ್ರೂ ಏನು ಅಂತ ನಂಗೇ ಗೊತ್ತಿಲ್ವಲ್ಲ, ಓರ್ವಿಲ್!"

ಮರುದಿನ ಐಲೀನಳ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. "ಒಂದು ದಾರಿ ಇದೆ" ಎಂದಳು ಐಲೀನ್. "ಯಾರು ಎಲ್ಲಿ ಕೂತ್ರು ಅನ್ನೋದು ಬೇಡ. ಚೀಟಿ ಯಾರನ್ನ ಎಲ್ಲಿಗೆ ಹಾಕಿತ್ತೋ ಹಾಗೇ ಲೆಕ್ಕ ಹಾಕೋಣ. ಫಲ ಸಣ್ಣದಾಗುತ್ತೆ, ಆದ್ರೆ ಸುಳ್ಳಾಗಲ್ಲ. ಚೀಟಿಗಳಿವೆಯಾ?"

"ಎಸೆದುಬಿಟ್ಟೆ."

"ಹೋಗ್ಲಿ, ನೆನಪಿಂದ ಹೇಳು. ಒಳಗೆ ತಂದಿದ್ದು ಯಾರ್ಯಾರನ್ನ?"

ವರ್ನಾ ತಡವರಿಸಲಿಲ್ಲ. ಎಮೆಟ್, ಕೇಯ್ಲಾ, ಪುಟ್ಟ ನೊವಾಮಿ. ಅವರ ತಾಯಂದಿರ ಹೆಸರುಗಳನ್ನೂ ಹೇಳಿದಳು.

"ಸರಿ. ಅವರಿಗೋಸ್ಕರ ಹೊರಗೆ ಹೋದವರು?"

ವರ್ನಾ ಬಾಯಿ ತೆರೆದಳು. ಒಂದು ಹೆಸರೂ ಬರಲಿಲ್ಲ. ಎಷ್ಟು ನೆನೆದರೂ ಒಂದು ಮುಖವೂ ಕಣ್ಣಿಗೆ ಕಟ್ಟಲಿಲ್ಲ.

"ಅವರ ಪರವಾಗಿ ಕೇಳೋಕೆ ಯಾರೂ ಬರ್ಲಿಲ್ಲ, ಐಲೀನ್. ಅದಕ್ಕೇ ಅವರನ್ನ ಸರಿಸಿದೆ. ಅದಕ್ಕೇ ನೆನಪೂ ಇಲ್ಲ."

"ಹಾಗಾದ್ರೆ ಚೀಟಿಯ ಲೆಕ್ಕ ಹಾಕೋಕಾಗಲ್ಲ" ಎಂದು ಐಲೀನ್ ಪ್ರಬಂಧದ ಕಡತವನ್ನು ಮುಚ್ಚಿದಳು.

ಸೆಪ್ಟೆಂಬರಿನಲ್ಲಿ ವರ್ನಾ ಪದವಿಯಿಲ್ಲದೆಯೇ ಶಾಲೆಗೆ ಮರಳಿದಳು. ಎಂದಿನ ಪಾಠದ ಗುಂಪಿನಲ್ಲಿದ್ದು ಈಗ ನಾಲ್ಕನೆಯ ತರಗತಿಗೆ ಹೋಗಿದ್ದ ಅಷ್ಟೂ ಮಕ್ಕಳನ್ನು ತನ್ನ ಕೋಣೆಗೆ ಕಳುಹಿಸಿಕೊಡಬೇಕೆಂದು ಬೇಡಿದಳು.

"ಎಲ್ಲಾರೂ ಯಾಕಮ್ಮ?" ಎಂದನು ಮುಖ್ಯೋಪಾಧ್ಯಾಯ.

"ನಾನು ಸರಿಸಿದ್ದು ಯಾರನ್ನ ಅಂತ ಗೊತ್ತಿಲ್ಲ, ಅದಕ್ಕೆ."

"ಇದರಿಂದ ಅವರಿಗೆ ಓದು ಬರುತ್ತಾ?"

"ಅದೂ ಗೊತ್ತಿಲ್ಲ" ಎಂದು ವರ್ನಾ ಕುರ್ಚಿಗಳನ್ನು ಎದುರುಬದುರಾಗಿ ಇಡತೊಡಗಿದಳು.