ಫ್ಯೂಸ್ ಕಿತ್ತುಕೊಂಡು ಹೋದ ಗೀಸರ್ ಭಾಯಿ

ಅವರ ಬೆರಳ ತುದಿಗಳು ಬೇಯಿಸಿದ ಕಡಲೆಕಾಯಿ ಸಿಪ್ಪೆಯ ಹಾಗೆ ಬಿಳಿಚಿ, ಮುದುಡಿಕೊಂಡಿದ್ದವು. ಇಪ್ಪತ್ತು ವರ್ಷ ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಕೈ ಅದು. ಬಿಸಿನೀರಿನೊಳಗೆ ಬೆರಳಾಡಿಸಿ ಎಳೆ ಹುಡುಕುತ್ತಿದ್ದ ಮನುಷ್ಯ ಆ ಕಸುಬು ಬಿಟ್ಟ ಮೇಲೆ ಗೀಸರ್ ರಿಪೇರಿ ಹಿಡಿದರು. ನಮ್ಮ ಬೀದಿಗೆಲ್ಲ ಅವರು ಗೀಸರ್ ಭಾಯಿ. ನಲ್ಲಿಯ ಕೆಳಗೆ ಒಂದು ಬೆರಳಿಟ್ಟು, ಇದು ಕೈಕಾಲಿಗಾಯಿತು, ತಲೆಗಾಗುವುದಿಲ್ಲ ಎನ್ನುತ್ತಿದ್ದರು. ಆ ಅಳತೆ ತಪ್ಪಿದ್ದನ್ನು ನಾನು ಕಾಣೆ.

ಅವರಲ್ಲಿ ನನಗೆ ಆಗದಿದ್ದದ್ದು ಒಂದೇ, ವಿಚಾರಣೆ. ಬಂದ ಕೂಡಲೇ ಚೀಲ ಬಿಚ್ಚುತ್ತಿರಲಿಲ್ಲ. ಯಾರ್ಯಾರು ಸ್ನಾನ ಮಾಡುತ್ತೀರಿ, ಯಾವ ಹೊತ್ತಿಗೆ, ಸದ್ದು ಬರುತ್ತದಾ, ವಾಸನೆ ಬರುತ್ತದಾ ಎಂದು ಮನೆಯ ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದರೂ ಬಿಡುತ್ತಿರಲಿಲ್ಲ. ಡಾಕ್ಟರೂ ಇಷ್ಟು ಕೇಳಲ್ಲ ಮಾರಾಯ್ರೇ ಎಂದು ಒಮ್ಮೆ ನಾನು ರೇಗಿದ್ದೆ. ಅವರು ನಕ್ಕು, ಮತ್ತೊಂದು ಪ್ರಶ್ನೆ ಕೇಳಿದರು.

ಆರೇಳು ವರ್ಷದ ಹಿಂದಿನ ಮಾತು. ಪಟ್ಟಣದ ಆಸ್ಪತ್ರೆಯಲ್ಲಿ ನನ್ನ ಮಗಳಿಗೆ ಹೆರಿಗೆಯಾಗಿತ್ತು. ಮಾರನೆಯ ಬೆಳಿಗ್ಗೆ ಬಾಣಂತಿ, ಮಗು ಮನೆಗೆ ಬರಬೇಕು. ಹಿಂದಿನ ದಿನವೇ ನೋಡಿಕೊಂಡು ನಮ್ಮ ಗೀಸರ್ ಕೈಕೊಟ್ಟಿತು. ಎಷ್ಟು ಹೊತ್ತು ಬಿಟ್ಟರೂ ಉಗುರು ಬೆಚ್ಚಗೆ. ಫೋನ್ ಮಾಡಿದೆ, ಭಾಯಿ ಬಂದರು, ವಿಚಾರಣೆ ಶುರುವಾಯಿತು. ನನ್ನದಾಯಿತು, ನಮ್ಮೆಜಮಾನರದಾಯಿತು. ಕೊನೆಗೆ ಹಜಾರದಲ್ಲಿ ಸೊಪ್ಪು ಬಿಡಿಸುತ್ತಿದ್ದ ನಮ್ಮತ್ತೆಯ ಸರದಿ.

"ಒಸಿ ಆ ನಲ್ಲಿನೂ ನೋಡಪ್ಪ. ಮುಟ್ಟುದ್ರೆ ಜುಮ್ ಅಂತೈತೆ" ಎಂದರು ಅತ್ತೆ.

ಈ ಜುಮ್ ನಮಗೆ ಹಳೆಯದು. ಎರಡು ವರ್ಷದಿಂದ ಹೇಳುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಕೈಕಾಲು ಜೋಮು ಹಿಡಿಯುವುದು ಸಹಜ ಎಂದು ಡಾಕ್ಟರ್ ಮಾತ್ರೆ ಬರೆದಿದ್ದರು. ಅದು ಸಕ್ಕರೆ ಕಾಯಿಲೆ, ಭಾಯಿ; ನೀವು ಗೀಸರಿನ ಕಾಯಿಲ್ ನೋಡಿ ಎಂದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಬಚ್ಚಲಿಗೆ ಹೋಗುವಾಗ ಚಪ್ಪಲಿ ಯಾರು ಹಾಕುತ್ತೀರಿ ಎಂದು ಕೇಳಿದರು. ಜಾರುತ್ತದೆಂದು ನಾವೆಲ್ಲರೂ ರಬ್ಬರ್ ಚಪ್ಪಲಿ ಹಾಕುತ್ತಿದ್ದೆವು, ಅತ್ತೆಯೊಬ್ಬರನ್ನು ಬಿಟ್ಟು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು ಪೂಜೆ ಮಾಡುವ ಜಾಗ ಅದು; ಹಂಡೆ ಹಿತ್ತಲಿಗೆ ಹೋಗಿ ಗೀಸರ್ ಬಂದರೂ ಅವರು ಅದಕ್ಕೇ ಕುಂಕುಮವಿಟ್ಟು, ಬರಿಗಾಲಲ್ಲೇ ಒಳಗೆ ಹೋಗುತ್ತಿದ್ದರು.

ಭಾಯಿ ಗೀಸರ್ ಸ್ವಿಚ್ ಹಾಕಿ ಟೆಸ್ಟರನ್ನು ನಲ್ಲಿಗೆ ತಾಗಿಸಿದರು. ಅದರ ಹಿಡಿಯೊಳಗಿನ ಸಣ್ಣ ಕೆಂಪು ದೀಪ ಹತ್ತಿಕೊಂಡಿತು. ನಲ್ಲಿಯಲ್ಲಿ ಕರೆಂಟು ಹರಿಯುತ್ತಿತ್ತು.

ಗಡಸು ನೀರಿನ ಸುಣ್ಣ ಕಟ್ಟಿ ಒಡೆದಿದ್ದ ಕಾಯಿಲನ್ನು ಅವರು ಅರ್ಧ ಗಂಟೆಯಲ್ಲಿ ಬದಲಾಯಿಸಿದರು. ಸದ್ಯ, ಮುಗಿಯಿತಲ್ಲ ಎಂದುಕೊಂಡೆ. ಅವರು ಅರ್ಥಿಂಗ್ ತಂತಿ ಹಿಡಿದು ಗೋಡೆಯುದ್ದಕ್ಕೂ ಹೊರಟರು. ಅದನ್ನು ಯಾರೋ ಹಿಂದೆ ಬೋರಿನ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಆ ಪೈಪು ತುಕ್ಕು ಹಿಡಿಯಿತೆಂದು ಎರಡು ವರ್ಷದ ಹಿಂದೆ ನಾವೇ ಕೀಳಿಸಿ ಪ್ಲಾಸ್ಟಿಕ್ ಹಾಕಿಸಿದ್ದೆವು. ಪ್ಲಂಬರ್ ತಂತಿಯನ್ನು ಅಚ್ಚುಕಟ್ಟಾಗಿ ಹೊಸ ಪೈಪಿಗೂ ಸುತ್ತಿ ಹೋಗಿದ್ದ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ನೆಲಕ್ಕೆ ಹೇಗೆ ಇಳಿದೀತು? ನಮಗೆ ಹೊಳೆದಿರಲಿಲ್ಲ.

ಗುಂಡಿ ತೋಡಿ ಬೇರೆ ಅರ್ಥಿಂಗ್ ಮಾಡುವ ತನಕ ಸ್ವಿಚ್ ಹಾಕುವಂತಿಲ್ಲ, ಈ ಕಾಯಿಲೂ ಒಂದು ದಿನ ಒಡೆಯುತ್ತದೆ ಎಂದರು. ನಮ್ಮೂರ ನೆಲದಲ್ಲಿ ಎರಡಡಿ ತೋಡಿದರೆ ಬಂಡೆ. ಎರಡು ದಿನವಾದರೂ ಬೇಕು. ನನಗೆ ಸಿಟ್ಟು ನೆತ್ತಿಗೇರಿತು. ನಾಳೆ ಬಾಣಂತಿ ಬರುತ್ತಾಳೆ, ಈಗ ಹಾಕಿಕೊಡಿ, ಆಮೇಲೆ ನಿಮ್ಮ ಗುಂಡಿ ತೋಡಿ ಎಂದು ಬಾಯಿಗೆ ಬಂದಂತೆ ಆಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಾಳೆ ಮಗೂನ ಕಾಲ್ ಮೇಲೆ ಮಲಗಿಸ್ಕೊಂಡು ನೀರು ಹಾಕೋರು ಯಾರಮ್ಮ?"

ಅತ್ತೆಯೇ. ಅದೇ ನಲ್ಲಿಯ ಪಕ್ಕ, ಒದ್ದೆ ನೆಲದ ಮೇಲೆ, ಬರಿಗಾಲು ಚಾಚಿಕೊಂಡು. ಭಾಯಿ ಗೀಸರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರು.

ಎರಡು ದಿನ ಹಿತ್ತಲಲ್ಲಿ ಹಂಡೆಗೆ ಸೌದೆ ಒಟ್ಟಿದೆವು. ಹೊಗೆಗೆ ಕಣ್ಣುರಿಯುತ್ತಾ ನಾನು ಭಾಯಿಯನ್ನು ಬೈದುಕೊಂಡದ್ದೂ ನಿಜ. ಅವರು ಎರಡು ಕಡೆ ಬಂಡೆ ಸಿಕ್ಕಿ, ಮೂರನೆಯ ಕಡೆ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿ ಕೆಲಸ ಮುಗಿಸಿದರು. ಆಮೇಲೇ ಟೀ ಕುಡಿದದ್ದು. ಹೊರಡುವಾಗ ಗೇಟಿನ ಹತ್ತಿರ ನಿಂತು, ಅಜ್ಜಿಗೆ ಒಂದು ಮಾತು ಹೇಳಿ ಎಂದರು. ಏನು ಹೇಳಬೇಕೆಂದು ಹೇಳಲಿಲ್ಲ. ಹೇಳೋಣ, ಹೇಳೋಣ ಎಂದುಕೊಂಡೇ ಬಾಣಂತನ ಕಳೆಯಿತು. ತಪ್ಪಾಯಿತು ಎನ್ನಲು ಸೊಸೆಯ ನಾಲಿಗೆ ಅಷ್ಟು ಸುಲಭಕ್ಕೆ ಹೊರಳುವುದಿಲ್ಲ.

ಹೋದ ವರ್ಷ ಭಾಯಿ ತೀರಿಕೊಂಡರು, ಎದೆನೋವು. ಮಣ್ಣಿಗೆ ಹೋಗಿ ಬಂದ ನಮ್ಮೆಜಮಾನರು ಸುದ್ದಿ ಹೇಳಿದಾಗ ಅತ್ತೆ ಮತ್ತು ನಾನು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತೆಯ ಕೈ ನಿಂತಿತು.

"ನೀವೆಲ್ಲ ಸಕ್ಕರೆ ಅಂದ್ಮೇಲೆ ನನ್ ಕೈಯೇ ಸುಳ್ಳು ಏಳ್ತೈತೆ ಅನ್ಕಂಡ್ಬುಟ್ಟಿದ್ದೆ ಕಣವ್ವ" ಎಂದರು. "ನನ್ ಮಾತು ನಂಬಿದ್ದು ಅವ್ನೊಬ್ನೇ."

ನನ್ನನ್ನು ಬೈದದ್ದಲ್ಲ ಅದು. ಬೈದಿದ್ದರೇ ವಾಸಿಯಿತ್ತು.