ಕಲ್ಲಿನ ಮೇಲಿನ ಟೊಂಗೆಗಳು

ಎಪ್ಪತ್ತರ ದಶಕದಲ್ಲಿ ಭಾನುವಾರ ಬಂತೆಂದರೆ ಹೊನ್ನಾವರದಲ್ಲಿ ಗೇರುಸೊಪ್ಪೆಯ ಬಸ್ ಹತ್ತಿ, ಕಾಲುದಾರಿ ಕಂಡಲ್ಲಿ ಇಳಿದು ಗುಡ್ಡ ಹತ್ತುವ ಹುಚ್ಚು ನನಗಿತ್ತು. ಒಮ್ಮೆ ನನ್ನೊಡನೆ ಇಳಿದ ಮೀನು ಮಾರುವ ಹೆಂಗಸು, ದಾರಿ ಶುರುವಾಗುವಲ್ಲಿದ್ದ ಕಲ್ಲಿನ ಮೇಲೆ ಒಂದು ಹಸಿರು ಟೊಂಗೆ ಇಟ್ಟು, ಬುಟ್ಟಿ ಹೊತ್ತು ಮೇಲೆ ನಡೆದಳು. ಇದು ಯಾವ ದೇವರಿರಬಹುದು? ಕೇಳಲು ಸಂಕೋಚವಾಯಿತು. ದೇವರ ಮುಂದೆ ಜಿಪುಣತನ ಏಕೆಂದು ನಾನು ಐದು ಟೊಂಗೆ ಇಟ್ಟು ಕೈಮುಗಿದೆ.

ಸಂಜೆ ಕೊನೆಯ ಬಸ್ಸಿನ ಹೊತ್ತಿಗೆ ಇಬ್ಬರೂ ಇಳಿದು ಬಂದೆವು. ಆಕೆ ತನ್ನ ಟೊಂಗೆಯನ್ನು ತೆಗೆದೆಸೆದು ಬಸ್ ಹತ್ತಿದಳು. ನಾನೂ ಹತ್ತಿ ಕೂತೆ. ಬಸ್ ಮಾತ್ರ ಹೊರಡಲಿಲ್ಲ. ಕಂಡಕ್ಟರ್ ಕಲ್ಲಿನ ಮೇಲೆ ಉಳಿದ ಟೊಂಗೆಗಳನ್ನು ಎಣಿಸಿ, ಗುಡ್ಡದ ಕಡೆ ಎರಡು ಸಲ ಕೂಗು ಹಾಕಿ, ನನ್ನ ಬಳಿ ಬಂದ.

"ಇನ್ನೂ ಐದು ಜನ ಇಳೀಲೇ ಇಲ್ಲ ಮಾರಾಯ್ರೆ. ನಿಮಗೆ ದಾರೀಲಿ ಸಿಕ್ಕಿದ್ರಾ?"